ಅದಿರು ಬಿಟ್ಟುಕೊಡದ ಚಿನ್ನ

ಚಿನ್ನವನ್ನು ಸೈನೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುವ ವಿಧಾನವನ್ನು 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ರೂಪಿಸಿದರು. ಇಂದಿಗೂ ಬಹುಪಾಲು ಗಣಿಗಳು ಅದನ್ನೇ ನೆಚ್ಚಿಕೊಂಡಿವೆ. ಆದರೆ ಕೆಲವು ಅದಿರುಗಳನ್ನು ಎಷ್ಟು ನುಣ್ಣಗೆ ಅರೆದರೂ ಚಿನ್ನ ಪೂರ್ತಿಯಾಗಿ ಹೊರಬರುವುದಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣದಾದ ಚಿನ್ನ ಪೈರೈಟ್, ಆರ್ಸೆನೊಪೈರೈಟ್‌ಗಳಂತಹ ಗಂಧಕಯುಕ್ತ ಖನಿಜಗಳ ಹರಳುಗಳೊಳಗೆ ಹುದುಗಿರುವುದರಿಂದ ಸೈನೈಡ್ ಅದನ್ನು ಮುಟ್ಟಲಾರದು. ಇಳುವರಿ ಶೇ. 80ಕ್ಕಿಂತ ಕೆಳಗಿಳಿದರೆ ಅಂತಹ ಅದಿರನ್ನು ಸಾಮಾನ್ಯವಾಗಿ ರಿಫ್ರ್ಯಾಕ್ಟರಿ ಎಂದು ಗುರುತಿಸುತ್ತಾರೆ.

ಹಾಗಾಗಿ ಮೊದಲು ಆ ಖನಿಜವನ್ನೇ ಆಕ್ಸಿಡೀಕರಿಸಿ ಒಡೆಯಬೇಕು. ಹಳೆಯ ದಾರಿಯೆಂದರೆ ಹುರಿಯುವುದು. 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಧಕ ಅನಿಲವಾಗಿ ಹೋಗಿ, ಸೈನೈಡ್ ಒಳನುಗ್ಗಬಲ್ಲ ರಂಧ್ರಮಯ ಕಬ್ಬಿಣದ ಆಕ್ಸೈಡ್ ಉಳಿಯುತ್ತದೆ. ಆದರೆ ಗಂಧಕದ ಜೊತೆ ಆರ್ಸೆನೊಪೈರೈಟ್‌ನಲ್ಲಿರುವ ಆರ್ಸೆನಿಕ್ ಕೂಡ ಟ್ರೈಆಕ್ಸೈಡ್ ಆಗಿ ಹೊಗೆಯಲ್ಲಿ ಏಳುತ್ತದೆ. ಕೆನಡಾದ ಯೆಲ್ಲೋನೈಫ್ ಬಳಿಯ ಜೈಂಟ್ ಗಣಿಯಲ್ಲಿ ದಶಕಗಳ ಕಾಲ ಹೀಗೆ ಹುರಿದದ್ದರ ಫಲವಾಗಿ ಸುಮಾರು 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಧೂಳು ನೆಲದಡಿಯ ಕೋಣೆಗಳಲ್ಲಿ ತುಂಬಿಕೊಂಡಿದೆ. ಅದು ನೀರಿನಲ್ಲಿ ಕರಗುವ ವಿಷವಾದ್ದರಿಂದ, ಸುತ್ತಲಿನ ಬಂಡೆಯನ್ನು ಹೆಪ್ಪುಗಟ್ಟಿಸಿ ಅದನ್ನು ಅಲ್ಲೇ ಹಿಡಿದಿಡುವ ಯೋಜನೆ ಹಾಕಬೇಕಾಯಿತು. ಪೂರ್ವಸಂಸ್ಕರಣೆಯನ್ನು ಚಿನ್ನದ ಇಳುವರಿಯಿಂದ ಮಾತ್ರ ಅಳೆಯುವುದು ಸಾಲದು, ಆರ್ಸೆನಿಕ್ ಯಾವ ರೂಪದಲ್ಲಿ ಎಲ್ಲಿ ಉಳಿಯುತ್ತದೆ ಎಂಬುದನ್ನೂ ಮೊದಲೇ ಕೇಳಬೇಕು ಎಂದು ನಾನು ದೃಢವಾಗಿ ನಂಬಲು ಈ ಗಣಿಯೇ ಕಾರಣ.

ಕ್ಯಾಲಿಫೋರ್ನಿಯಾದ ಮೆಕ್‌ಲಾಫ್ಲಿನ್ ಗಣಿ 1985ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಅದಿರಿನ ರಾಡಿಯನ್ನು ಆಟೋಕ್ಲೇವ್ ಎಂಬ ಬಿಗಿಯಾಗಿ ಮುಚ್ಚಿದ ಪಾತ್ರೆಯಲ್ಲಿ ಅಧಿಕ ಒತ್ತಡದ ಆಮ್ಲಜನಕದೊಡನೆ ಕಾಯಿಸಿದರು. ಮರುವರ್ಷ ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ ಅದೇ ಕೆಲಸವನ್ನು ಸುಮಾರು 40 ಡಿಗ್ರಿಯಲ್ಲಿ, ಕಬ್ಬಿಣ ಮತ್ತು ಗಂಧಕದಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಲಾಯಿತು. ಅವಕ್ಕೆ ಕೆಲವು ದಿನಗಳೇ ಬೇಕು. ಈ ಎರಡೂ ವಿಧಾನಗಳಲ್ಲಿ ಆರ್ಸೆನಿಕ್ ಹೊಗೆಯಾಗದೆ ದ್ರಾವಣದಲ್ಲೇ ಉಳಿಯುತ್ತದೆ. ಸಾಕಷ್ಟು ಕಬ್ಬಿಣವಿದ್ದರೆ ಸುಲಭವಾಗಿ ಕರಗದ ಫೆರಿಕ್ ಆರ್ಸೆನೇಟ್ ಆಗಿ ತಳಕ್ಕಿಳಿಯುತ್ತದೆ. ಆದರೆ ಹುಟ್ಟಿದ ಗಂಧಕಾಮ್ಲವನ್ನು ತೊಳೆದು, ಸುಣ್ಣದಿಂದ ತಟಸ್ಥಗೊಳಿಸದೆ ಸೈನೈಡ್ ಹಾಕುವಂತಿಲ್ಲ. ಹಾಕಿದರೆ ಮಾರಕವಾದ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ.

ಹಾಗೆಂದು ಹುರಿಯುವುದನ್ನು ಪೂರ್ತಿ ಕೈಬಿಡಲಾಗದು. ಕೆಲವು ಅದಿರುಗಳಲ್ಲಿರುವ ಸಾವಯವ ಇಂಗಾಲ ಕರಗಿದ ಚಿನ್ನವನ್ನು ಮತ್ತೆ ಹೀರಿಕೊಳ್ಳುತ್ತದೆ, ಅದನ್ನು ಸುಡಲು ಕುಲುಮೆಯೇ ಬೇಕು. ನೆವಾಡಾದ ಗೋಲ್ಡ್‌ಸ್ಟ್ರೈಕ್ ಗಣಿ ಇದಕ್ಕೆ ಇನ್ನೊಂದು ಉತ್ತರ ಹುಡುಕಿತು: ಆಟೋಕ್ಲೇವ್‌ನಿಂದ ಬಂದ ಇಂತಹ ಅದಿರಿಗೆ 2014ರಿಂದ ಸೈನೈಡ್ ಬದಲು ಥಯೋಸಲ್ಫೇಟ್ ಬಳಸಲಾರಂಭಿಸಿತು. ಥಯೋಸಲ್ಫೇಟ್‌ಗೆ ಕಟ್ಟಿಕೊಂಡ ಚಿನ್ನಕ್ಕೆ ಇಂಗಾಲದ ಸೆಳೆತ ಬಹಳ ಕಡಿಮೆ. ದ್ರಾವಣದಲ್ಲಿರುವ ಆ ಚಿನ್ನವನ್ನು ರಾಳದ ಮಣಿಗಳು ಹಿಡಿದುಕೊಳ್ಳುತ್ತವೆ.