ಫ್ರೀಜರ್‌ನ ಐಸಿಗೆ ಚಾಕು ಹಾಕುವ ಮುನ್ನ

ಮನೆಯಲ್ಲಿ ಸಿಂಗಲ್ ಡೋರ್ ಫ್ರಿಜ್ ಇದ್ದಾಗ ಅಮ್ಮ ತಿಂಗಳಿಗೊಮ್ಮೆ ಚಾಕು ಹಿಡಿದು ಅದರ ಮುಂದೆ ಕೂರುತ್ತಿದ್ದರು. ಫ್ರೀಜರ್ ಗೋಡೆಗೆ ಕಚ್ಚಿಕೊಂಡ ಐಸನ್ನು ಕೆರೆದು ತೆಗೆಯುವ ಕೆಲಸ. ಒಂದು ದಿನ ಚಾಕು ಜಾರಿತು. ಒಳಗಿನಿಂದ ಸುಯ್ ಅಂತ ಸದ್ದು ಬಂತು, ಸ್ವಲ್ಪ ಹೊತ್ತಿಗೆ ನಿಂತಿತು. ವಾಸನೆ ಏನೂ ಇಲ್ಲ. "ಗ್ಯಾಸ್ ಹೋಯ್ತು ಅನ್ಸತ್ತೆ" ಎಂದು ಅಮ್ಮ ಎದ್ದು ಸಾರಿಗೆ ಒಲೆ ಹಚ್ಚಿದರು. ಪುಣ್ಯಕ್ಕೆ ಏನೂ ಆಗಲಿಲ್ಲ.

ಆಮೇಲೆ ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದೆ. ಕಂಪ್ರೆಸರ್ ಮೇಲೆ ಹಳದಿ ತ್ರಿಕೋನ, ಅದರೊಳಗೆ ಬೆಂಕಿಯ ಚಿತ್ರ, ಪಕ್ಕದಲ್ಲಿ ಆರ್-600ಎ. ಅದು ಐಸೋಬ್ಯೂಟೇನ್, ಫ್ರಿಜ್ಜನ್ನು ತಣ್ಣಗಿಡುವ ಗ್ಯಾಸ್. ಅಡುಗೆ ಸಿಲಿಂಡರ್‌ನಲ್ಲಿರುವ ಬ್ಯೂಟೇನ್‌ನ ಒಡಹುಟ್ಟು.

ಉರಿಯುವ ಗ್ಯಾಸನ್ನು ಫ್ರಿಜ್ಜಿಗೆ ಯಾಕೆ ಹಾಕಿದರು? ಹಳೆಯ ಫ್ರಿಜ್‌ಗಳಲ್ಲಿದ್ದ ಆರ್-12 ಗ್ಯಾಸ್ ಉರಿಯುತ್ತಿರಲಿಲ್ಲ, ಆದರೆ ಓಝೋನ್ ಪದರವನ್ನು ತಿನ್ನುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಬಾಗಿಲು ಹಾಕಿತು. ಬದಲಿಗೆ ಬಂದ ಆರ್-134ಎ ಓಝೋನನ್ನು ಮುಟ್ಟಲಿಲ್ಲ. ಆದರೆ ಅದು ಒಂದು ಕೆಜಿ ಸೋರಿದರೆ, ನೂರು ವರ್ಷದ ಲೆಕ್ಕದಲ್ಲಿ ಸುಮಾರು 1,400 ಕೆಜಿ ಕಾರ್ಬನ್ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಐಸೋಬ್ಯೂಟೇನ್‌ಗೆ ಈ ಎರಡೂ ದೋಷ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನನ್ನ ಮಟ್ಟಿಗೆ ಇದು ಸರಿಯಾದ ಆಯ್ಕೆಯೇ.

ಪ್ರಮಾಣವೂ ಚಿಕ್ಕದು. ಮನೆಯ ಫ್ರಿಜ್ಜಿನಲ್ಲಿ ಸಾಮಾನ್ಯವಾಗಿ 40ರಿಂದ 80 ಗ್ರಾಂ ಇರುತ್ತದೆ. ಒಂದು ಘನ ಮೀಟರ್ ಗಾಳಿಗೆ ಸುಮಾರು 43 ಗ್ರಾಂ ಬೆರೆತರೆ ಮಾತ್ರ ಅದು ಹೊತ್ತಿಕೊಳ್ಳುತ್ತದೆ. ಎಂಟು ಅಡಿಗೆ ಹತ್ತು ಅಡಿ ಅಡುಗೆಮನೆಯಲ್ಲಿ 50 ಗ್ರಾಂ ಪೂರ್ತಿ ಹರಡಿದರೂ ಆ ಮಟ್ಟ ಮುಟ್ಟುವುದಿಲ್ಲ.

ಆದರೆ ಫ್ರಿಜ್ಜಿನ ಒಳಗೇ ಸೋರಿದರೆ? 250 ಲೀಟರ್ ಜಾಗಕ್ಕೆ 11 ಗ್ರಾಂ ಸಾಕು. ಮುಚ್ಚಿದ ಬಾಗಿಲ ಹಿಂದೆ ಅದು ಕಾದು ಕೂತಿರುತ್ತದೆ. ಅದಕ್ಕೇ ಈ ಫ್ರಿಜ್‌ಗಳ ಥರ್ಮೋಸ್ಟಾಟ್, ಬಲ್ಬಿನ ಸ್ವಿಚ್ಚುಗಳನ್ನು ಕಿಡಿ ಹೊರಗೆ ಹಾರದಂತೆ ಮಾಡಿರುತ್ತಾರೆ. ರಿಪೇರಿಯಲ್ಲಿ ಇನ್ನೂರು ರೂಪಾಯಿ ಉಳಿಯುತ್ತದೆ ಅಂತ ಯಾವುದೋ ಥರ್ಮೋಸ್ಟಾಟ್ ಕೂರಿಸಿದರೆ ಆ ಕಾವಲು ಹೋದಂತೆಯೇ. ಹೊರಗೆ ಬಂದ ಗ್ಯಾಸ್ ಕೂಡ ಮೇಲೇರುವುದಿಲ್ಲ. ಗಾಳಿಗಿಂತ ಎರಡು ಪಟ್ಟು ಭಾರ, ನೆಲಕ್ಕೆ ಇಳಿದು ಮೂಲೆ ಹಿಡಿಯುತ್ತದೆ.

ನನಗೆ ಜಾಸ್ತಿ ಭಯ ಆ ವಾಸನೆ ಇಲ್ಲದ್ದರದ್ದೇ. ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುತ್ತದೆ ಅಲ್ವಾ? ಅದು ಗ್ಯಾಸಿನ ಸ್ವಂತ ವಾಸನೆ ಅಲ್ಲ. ನಮಗೆ ಗೊತ್ತಾಗಲಿ ಎಂದು ಮರ್ಕ್ಯಾಪ್ಟಾನ್ ಬೆರೆಸಿರುತ್ತಾರೆ. ಫ್ರಿಜ್ ಗ್ಯಾಸಿಗೆ ಅದನ್ನು ಬೆರೆಸುವುದಿಲ್ಲ.

2008ರ ಏಪ್ರಿಲ್ 5ರಂದು ನ್ಯೂಜಿಲೆಂಡಿನ ಟಾಮಾಹೆರೆಯ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ಅಲಾರಂ ಹೊಡೆಯಿತು. ಎಂಟು ಅಗ್ನಿಶಾಮಕ ಸಿಬ್ಬಂದಿ ಹೋದರು. ಅಲ್ಲಿನ ಕೂಲಿಂಗ್ ವ್ಯವಸ್ಥೆಯಲ್ಲಿ ಪ್ರೊಪೇನ್ ಆಧಾರಿತ ಗ್ಯಾಸ್ ಸುಮಾರು 400 ಕೆಜಿ ಇತ್ತು. ವಾಸನೆ ಇಲ್ಲ, ಎಚ್ಚರಿಕೆಯ ಬೋರ್ಡಿಲ್ಲ. ಸ್ಫೋಟವಾಯಿತು. ಒಬ್ಬರು ತೀರಿಕೊಂಡರು, ಉಳಿದ ಏಳೂ ಜನ ಗಾಯಗೊಂಡರು. ಎಂಟು ಜನರಲ್ಲಿ ಒಬ್ಬರಿಗೂ ತಾವು ಎಂಥ ಗ್ಯಾಸಿನ ನಡುವೆ ನಿಂತಿದ್ದೇವೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಮನೆಯ ಮಟ್ಟಿಗೆ ಅಪಾಯ ಹೆಚ್ಚುವುದು ರಿಪೇರಿ ಹೊತ್ತಿನಲ್ಲಿ. ಗ್ಯಾಸ್ ಬಿಟ್ಟ ಮೇಲೂ ಕಂಪ್ರೆಸರ್ ಆಯಿಲ್‌ನಲ್ಲಿ ಸ್ವಲ್ಪ ಕರಗಿ ಉಳಿದಿರುತ್ತದೆ. ವೆಲ್ಡಿಂಗ್‌ನ ಬೆಂಕಿ ಟಾರ್ಚ್ ಹಿಡಿದರೆ ಬಿಸಿಗೆ ಹೊರಬರುತ್ತದೆ. ತಿಳಿದ ಮೆಕ್ಯಾನಿಕ್ ಒಲೆ ಆರಿಸಿ, ಕಿಟಕಿ ತೆರೆದು, ಪೈಪನ್ನು ಕಟರ್‌ನಿಂದ ಕತ್ತರಿಸಿ, ಉಳಿದ ಗ್ಯಾಸ್ ಹೋಗಲು ನೈಟ್ರೋಜನ್ ಹಾಯಿಸಿಯೇ ವೆಲ್ಡಿಂಗ್‌ಗೆ ಕೈ ಹಾಕುತ್ತಾನೆ. ಆರ್-22 ಗ್ಯಾಸಿನ ಹಳೆಯ ಎಸಿಗೆ "ಇದೂ ನಡೆಯುತ್ತೆ" ಅಂತ ಪ್ರೊಪೇನ್ ತುಂಬಲು ಬಂದವನನ್ನು ಮಾತ್ರ ದಯವಿಟ್ಟು ವಾಪಸ್ ಕಳಿಸಿ. ಆ ಎಸಿಯನ್ನು ಬೆಂಕಿ ಹತ್ತುವ ಗ್ಯಾಸಿಗೆ ಮಾಡಿದ್ದೇ ಅಲ್ಲ.

ಸುಯ್ ಸದ್ದು ಕೇಳಿದರೆ ಸ್ವಿಚ್ ಮುಟ್ಟಬೇಡಿ, ಅದರದ್ದೂ ಕಿಡಿ ಇದೆ. ಉರಿಯುವ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು ಹೊರಗೆ ಬನ್ನಿ.

ಅಮ್ಮ ಈಗ ಚಾಕು ತರುವುದಿಲ್ಲ. ಪ್ಲಗ್ ತೆಗೆದು, ಬಾಗಿಲು ತೆರೆದು, ಫ್ರೀಜರ್‌ನಲ್ಲಿ ಒಂದು ಬಟ್ಟಲು ಬಿಸಿನೀರು ಇಡುತ್ತಾರೆ. ಕಾಫಿ ಕುಡಿದು ಬರುವಷ್ಟರಲ್ಲಿ ಐಸ್ ಹಾಳೆ ಹಾಳೆಯಾಗಿ ಕೈಗೇ ಬರುತ್ತದೆ.