ಫೇಲಾದ ಮಗುವಿಗೆ ಕಾನೂನು ಕೊಟ್ಟಿದ್ದೇನು?

ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬ ಒಂಬತ್ತನೇ ತರಗತಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಫೇಲಾದ. ಅವನಮ್ಮ ಅಂಕಪಟ್ಟಿ ಹಿಡಿದು ಮನೆಗೆ ಬಂದಿದ್ದರು. ಎರಡು ಅಂಕಗಳ ಕೆಳಗೆ ಕೆಂಪು ಗೆರೆ, ಹಿಂದೆ ಪಿನ್ನು ಹೊಡೆದ ಟಿಸಿ ಅರ್ಜಿ. "ಇಲ್ಲೇ ಓದಬೇಕಾದರೆ ಇನ್ನೊಂದು ವರ್ಷ ಒಂಬತ್ತರಲ್ಲೇ ಕೂರಲಿ, ಬೇಡವಾದರೆ ಟಿಸಿ ತಗೊಂಡು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿ" ಎಂದಿದ್ದರಂತೆ ಶಾಲೆಯವರು. ಆ ತಾಯಿ ಕೇಳಿದ್ದು ಒಂದೇ: "ಮಕ್ಕಳನ್ನ ಫೇಲ್ ಮಾಡೋ ಹಂಗಿಲ್ಲ ಅಂತ ಕಾನೂನು ಇತ್ತಲ್ಲ ಸರ್?"

ಇತ್ತು. ಆದರೆ ಅದು ಎಂಟನೇ ತರಗತಿಯವರೆಗೆ ಮಾತ್ರ.

ಫೇಲು ಎಂಬುದು ನಮ್ಮ ಶಾಲೆಗಳಿಗೆ ಹಳೆಯ ಪದ್ಧತಿ. ಉತ್ತರ ಕರ್ನಾಟಕದ ಹಿರಿಯರು ಇವತ್ತಿಗೂ ಮುಲ್ಕಿ ಪರೀಕ್ಷೆಯ ಮಾತಾಡುತ್ತಾರೆ. ಏಳನೇ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಕನ್ನಡ ಶಾಲೆಯ ಮಾಸ್ತರಿಕೆಯೇ ಸಿಗುತ್ತಿತ್ತು, ನಪಾಸಾದರೆ ಹೊಲದ ದಾರಿ. ಹಾಗೆ ಹೊಲಕ್ಕೆ, ಅಡುಗೆಮನೆಗೆ ಹೋದ ಮಕ್ಕಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಈ ಅನುಭವವೇ 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮಿನ ಹಿಂದಿತ್ತು: ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳುವಂತಿಲ್ಲ, ಶಾಲೆಯಿಂದ ಹೊರಹಾಕುವಂತಿಲ್ಲ. ಅಲ್ಲಿಯವರೆಗೆ ಮಗು ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ ಎಂದು 30ನೇ ಕಲಮು ಹೇಳಿತು. 2010ರ ಏಪ್ರಿಲ್ 1ರಿಂದ ಕಾಯ್ದೆ ಜಾರಿಗೆ ಬಂತು.

ಪರೀಕ್ಷೆಯ ಭಯವಿಲ್ಲದೆ ಮಕ್ಕಳು ಓದುತ್ತಿಲ್ಲ ಎಂಬ ದೂರು ಬೇಗನೆ ಎದ್ದಿತು. ಪರೀಕ್ಷೆಗೆ ಬದಲಾಗಿ ವರ್ಷವಿಡೀ ಮಗುವಿನ ಕಲಿಕೆಯನ್ನು ಗಮನಿಸಬೇಕೆಂದು ಅದೇ ಕಾಯ್ದೆ ಹೇಳಿತ್ತು. ಆ ಅರ್ಧ ಎಷ್ಟೋ ಶಾಲೆಗಳಲ್ಲಿ ಕಾಗದ ತುಂಬುವ ಕೆಲಸವಾಗಿ ಉಳಿಯಿತು, ತಪ್ಪನ್ನು ಮಾತ್ರ 'ಫೇಲು ಮಾಡಬೇಡಿ' ಎಂಬ ಅರ್ಧದ ಮೇಲೆ ಹೊರಿಸಲಾಯಿತು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. 2019ರಲ್ಲಿ ಸಂಸತ್ತು ಕಾಯ್ದೆಯನ್ನು ತಿದ್ದಿತು. ಐದು ಮತ್ತು ಎಂಟನೇ ತರಗತಿಯ ಕೊನೆಯಲ್ಲಿ ಪರೀಕ್ಷೆ ನಡೆಯಬೇಕು. ಫೇಲಾದ ಮಗುವಿಗೆ ಹೆಚ್ಚುವರಿ ಪಾಠ ಹೇಳಿ, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆ ಕೊಡಬೇಕು. ಅದರಲ್ಲೂ ಆಗದಿದ್ದರೆ ಉಳಿಸಿಕೊಳ್ಳಬೇಕೋ ಬೇಡವೋ ಎಂಬುದು ಆಯಾ ಸರ್ಕಾರಕ್ಕೆ ಬಿಟ್ಟಿದ್ದು. ಶಾಲೆಯಿಂದ ಹೊರಹಾಕಬಾರದೆಂಬ ನಿಯಮ ಹಾಗೇ ಉಳಿಯಿತು. ಕೇಂದ್ರ ಸರ್ಕಾರ ತನ್ನ ಅಧೀನದ ಶಾಲೆಗಳಲ್ಲಿ ಉಳಿಸಿಕೊಳ್ಳಲು ಅವಕಾಶ ಕೊಟ್ಟದ್ದು 2024ರ ಡಿಸೆಂಬರ್‌ನಲ್ಲಿ.

ಕರ್ನಾಟಕದಲ್ಲಿ ಈ ತಿದ್ದುಪಡಿಯ ಬಿಸಿ ತಾಕಿದ್ದು ಮಕ್ಕಳಿಗೇ. ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಪರೀಕ್ಷೆ ನಡೆಸಲು ಸರ್ಕಾರ ಹೊರಟಾಗ, 2023ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆ ಸುತ್ತೋಲೆಗಳನ್ನು ರದ್ದು ಮಾಡಿತು. ಕೆಲವೇ ದಿನಗಳಲ್ಲಿ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠ ಪರೀಕ್ಷೆಗೆ ಅನುಮತಿ ಕೊಟ್ಟಿತು. ಆದರೆ ಯಾರನ್ನೂ ಫೇಲು ಮಾಡಬಾರದು, ಫಲಿತಾಂಶವನ್ನು ಬಹಿರಂಗಗೊಳಿಸಬಾರದು ಎಂಬ ಷರತ್ತು ಹಾಕಿತು. ಮರುವರ್ಷ ಒಂಬತ್ತನೇ ತರಗತಿಯೂ ಪಟ್ಟಿಗೆ ಸೇರಿತು. 2024ರ ಮಾರ್ಚ್ 6ಕ್ಕೆ ಏಕಸದಸ್ಯ ಪೀಠದಿಂದ ರದ್ದು, ಮರುದಿನ ಆ ಆದೇಶಕ್ಕೆ ತಡೆ, 11ಕ್ಕೆ ಪರೀಕ್ಷೆ ಶುರು, 12ಕ್ಕೆ ಸುಪ್ರೀಂ ಕೋರ್ಟಿನ ಆದೇಶದಿಂದ ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ವಿಭಾಗೀಯ ಪೀಠ ಮತ್ತೆ ಹಸಿರು ನಿಶಾನೆ ತೋರಿದ ಮೇಲೆ ಉಳಿದ ಪತ್ರಿಕೆಗಳು ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ಹತ್ತು ವರ್ಷದ ಮಗು ರಾತ್ರಿ ಟಿವಿ ಮುಂದೆ ಕೂತು ತಿಳಿಯಬೇಕಾದ ಸ್ಥಿತಿ ಯಾವ ಮಗುವಿಗೂ ಬರಬಾರದಿತ್ತು.

ಎಂಟು ದಾಟಿದ ಮೇಲೆ ಲೆಕ್ಕವೇ ಬೇರೆ. ಮುಂದಿನ ತರಗತಿಗೆ ಹೋಗುವುದು ಅಲ್ಲಿ ಹಕ್ಕಾಗಿ ಉಳಿಯುವುದಿಲ್ಲ, ಸಂಸ್ಥೆಯ ನಿಯಮಕ್ಕೆ ಬಿಟ್ಟ ವಿಷಯ. ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) ಹಳೆಯ ಸ್ಕೀಮ್‌ಗಳಲ್ಲಿ ಓದಿದ ಎಂಜಿನಿಯರುಗಳಿಗೆ 'ಇಯರ್ ಬ್ಯಾಕ್' ಎಂದರೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ನಾಲ್ಕಕ್ಕಿಂತ ಹೆಚ್ಚು ವಿಷಯ ಬಾಕಿಯಿದ್ದರೆ ಮುಂದಿನ ವರ್ಷಕ್ಕೆ ಪ್ರವೇಶವಿರಲಿಲ್ಲ. 'ಕ್ರಿಟಿಕಲ್ ಇಯರ್ ಬ್ಯಾಕ್' ಇನ್ನೂ ಕಠಿಣ: ಮೊದಲ ವರ್ಷದ ಒಂದೇ ಒಂದು ವಿಷಯ ಉಳಿದಿದ್ದರೂ ಐದನೇ ಸೆಮಿಸ್ಟರ್ ಬಾಗಿಲು ಬಂದ್ ಆಗುತ್ತಿತ್ತು. ಎಂಬಿಬಿಎಸ್‌ನಲ್ಲಿ 2023ರ ನಿಯಮದಂತೆ ಮೊದಲ ವರ್ಷ ಪಾಸಾಗಲು ನಾಲ್ಕೇ ಅವಕಾಶ, ಇಡೀ ಕೋರ್ಸಿಗೆ ಒಂಬತ್ತು ವರ್ಷ.

ಇಂಥ ನಿಯಮಗಳನ್ನು ಪ್ರಶ್ನಿಸಿದವರಿಗೆ ಕೋರ್ಟುಗಳು ಸುಲಭವಾಗಿ ಮಣಿದಿಲ್ಲ. ನಿಯಮದಲ್ಲಿ ಇಲ್ಲದ ಮರುಮೌಲ್ಯಮಾಪನವನ್ನು ಹಕ್ಕೆಂದು ಕೇಳಲಾಗದು ಎಂದು ಮಹಾರಾಷ್ಟ್ರ ಬೋರ್ಡಿನ ಪ್ರಕರಣದಲ್ಲಿ 1984ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಹಾಗೆಂದು ವಿದ್ಯಾರ್ಥಿಯ ಕೈ ಬರಿದೇನಲ್ಲ. 1975ರಲ್ಲಿ ಕುರುಕ್ಷೇತ್ರ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ ಅದೇ ಕೋರ್ಟ್, ಅರ್ಜಿ ಪರಿಶೀಲಿಸಬೇಕಾದಾಗ ಸುಮ್ಮನಿದ್ದು ಪರೀಕ್ಷೆಗೆ ಕೂರಿಸಿದ ಮೇಲೆ ಹಾಜರಾತಿ ಕೊರತೆಯ ನೆಪದಲ್ಲಿ ಅನುಮತಿ ಹಿಂಪಡೆಯುವಂತಿಲ್ಲ ಎಂದಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು 2011ರ ಸಿಬಿಎಸ್‌ಇ ಪ್ರಕರಣದ ತೀರ್ಪು. ವಿದ್ಯಾರ್ಥಿ ಬರೆದ ಉತ್ತರಪತ್ರಿಕೆ ಮಾಹಿತಿ ಹಕ್ಕು ಕಾಯ್ದೆಯಡಿ 'ಮಾಹಿತಿ', ಅದನ್ನು ನೋಡುವ, ಪ್ರತಿ ಪಡೆಯುವ ಹಕ್ಕು ಅವನಿಗಿದೆ. ಬೋರ್ಡು, ವಿಶ್ವವಿದ್ಯಾಲಯಗಳಲ್ಲಿ ಫೇಲಾದವರು ಮೊದಲು ಹಿಡಿಯಬೇಕಾದ ದಾರಿ ಇದು. ಮರುಎಣಿಕೆ, ಮರುಮೌಲ್ಯಮಾಪನದ ಅರ್ಜಿಗಳಿಗೆ ಕೊನೆಯ ದಿನಾಂಕ ಇರುತ್ತದೆ. ಅಳುತ್ತಾ ಕೂತರೆ ಅದು ದಾಟಿಹೋಗುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ 2024ರಲ್ಲಿ ಪರೀಕ್ಷೆ-1, 2, 3 ಎಂದು ವರ್ಷಕ್ಕೆ ಮೂರು ಅವಕಾಶ ಕೊಡಲಾಯಿತು. ಎಂಟರವರೆಗೆ ಕಾಯ್ದೆ, ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ. ನಡುವಿನ ಒಂಬತ್ತಕ್ಕೆ ಅಂಥ ಆಸರೆ ಇಲ್ಲ. ಹತ್ತರ ಫಲಿತಾಂಶ ನೂರಕ್ಕೆ ನೂರು ಬರಬೇಕೆಂಬ ಹಂಬಲದ ಶಾಲೆಗಳು ಮಕ್ಕಳನ್ನು ಜರಡಿ ಹಿಡಿಯುವುದೂ ಇಲ್ಲೇ.

ಆ ತಾಯಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೊಂದು ಅರ್ಜಿ ಬರೆದುಕೊಟ್ಟೆ: ಟಿಸಿ ನಾವಾಗಿ ಕೇಳಿಲ್ಲ, ಗಣಿತ ಮತ್ತು ವಿಜ್ಞಾನದ ಉತ್ತರಪತ್ರಿಕೆ ತೋರಿಸಿ. ಉತ್ತರ ಬರುವಷ್ಟರಲ್ಲಿ ಜೂನ್ ಕಳೆದಿತ್ತು. ಹುಡುಗ ಈಗ ಬೇರೆ ಶಾಲೆಯಲ್ಲಿ ಒಂಬತ್ತನ್ನೇ ಮತ್ತೆ ಓದುತ್ತಿದ್ದಾನೆ. ಆ ಎರಡು ಉತ್ತರಪತ್ರಿಕೆಗಳನ್ನು ಅವನಿಗೆ ಇನ್ನೂ ಯಾರೂ ತೋರಿಸಿಲ್ಲ.