ವೆರೋನಾದ ಹಿತ್ತಾಳೆ ಯಂತ್ರ ಮತ್ತು ಅದರ ಮೈಮೇಲಿನ ಗೀರುಗಳು

ಇಟಲಿಯ ವೆರೋನಾದಲ್ಲಿ ಮಿನಿಸ್ಕಾಲ್ಕಿ-ಎರಿಜ್ಜೊ ಅಂತ ಒಂದು ಮ್ಯೂಸಿಯಂ ಇದೆ. ಅಲ್ಲಿ ಹಿತ್ತಾಳೆಯ ಒಂದು ಆಸ್ಟ್ರೋಲೇಬ್ ಇದೆ. ಸೂರ್ಯನನ್ನೋ ನಕ್ಷತ್ರವನ್ನೋ ನೋಡಿ ಹೊತ್ತು ಲೆಕ್ಕ ಹಾಕುವ ಹಳೇ ಕಾಲದ ಯಂತ್ರ ಅದು. ಎಲ್ಲಿಯದು, ಯಾವ ಕಾಲದ್ದು ಅಂತ ಮ್ಯೂಸಿಯಂನವರಿಗೇ ಖಚಿತವಿರಲಿಲ್ಲ. ನಕಲಿ ಇರಬಹುದು ಎಂಬ ಅನುಮಾನವೂ ಇತ್ತು.

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಇತಿಹಾಸ ಸಂಶೋಧಕಿ ಫೆಡೆರಿಕಾ ಜಿಗಾಂಟೆ ಅದರ ಫೋಟೊವನ್ನು ಮೊದಲು ನೋಡಿದ್ದು ಇಂಟರ್‌ನೆಟ್‌ನಲ್ಲಿ. ಆಮೇಲೆ ವೆರೋನಾಗೇ ಹೋಗಿ ಪರೀಕ್ಷಿಸಿದರು. 2024ರ ಮಾರ್ಚ್‌ನಲ್ಲಿ ಅವರ ಅಧ್ಯಯನ ಹೊರಬಂತು. ಯಂತ್ರ 11ನೇ ಶತಮಾನದ್ದು. ಸ್ಪೇನಿನ ಬಹುಭಾಗವನ್ನು ಮುಸ್ಲಿಂ ಅರಸರು ಆಳುತ್ತಿದ್ದಾಗ ಅಲ್ಲೇ ತಯಾರಾದದ್ದು, ಬಹುಶಃ ಟೊಲೆಡೊದಲ್ಲಿ.

ಆಸ್ಟ್ರೋಲೇಬ್‌ನ ಅಂದ ಇರುವುದು ಮೇಲಿನ ಜಾಲರಿಯಲ್ಲಿ. ಹಿತ್ತಾಳೆಯನ್ನು ಬಳ್ಳಿಯ ಹಾಗೆ ಕತ್ತರಿಸಿ, ಅಲ್ಲಲ್ಲಿ ಚೂಪಾದ ತುದಿ ಬಿಟ್ಟಿರುತ್ತಾರೆ. ಒಂದೊಂದು ತುದಿಯೂ ಒಂದೊಂದು ನಕ್ಷತ್ರ. ಜಾಲರಿಯ ಕೆಳಗೆ ತೆಳುವಾದ ದುಂಡು ತಗಡು ಇರುತ್ತದೆ. ಅದರ ಮೇಲೆ ದಿಗಂತದ ಗೆರೆ, ಎತ್ತರದ ವೃತ್ತಗಳು. ಯಂತ್ರವನ್ನು ಬಳೆಯಿಂದ ತೂಗಿ ಹಿಡಿದು, ಹಿಂಬದಿಯ ಪಟ್ಟಿಯಲ್ಲಿ ನಕ್ಷತ್ರಕ್ಕೆ ಗುರಿ ಇಟ್ಟು, ಅದು ಎಷ್ಟು ಡಿಗ್ರಿ ಎತ್ತರದಲ್ಲಿದೆ ಅಂತ ಅಳೆಯಬೇಕು. ಆಮೇಲೆ ಅದೇ ನಕ್ಷತ್ರದ ತುದಿ ಅಷ್ಟೇ ಎತ್ತರದ ವೃತ್ತದ ಮೇಲೆ ಕೂರುವ ತನಕ ಜಾಲರಿಯನ್ನು ತಿರುಗಿಸಬೇಕು. ಈಗ ಅಂಚಿನಲ್ಲಿ ಹೊತ್ತು ಓದಬಹುದು.

ಆದರೆ ತಗಡಿನ ಒಂದು ಮಗ್ಗುಲು ಒಂದೇ ಅಕ್ಷಾಂಶಕ್ಕೆ ಹೊಂದುತ್ತದೆ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಉತ್ತರ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ ಕಾಣುತ್ತದೆ. ಟೊಲೆಡೊದಲ್ಲಿ ಸುಮಾರು 40. ಅಲ್ಲಿಯ ತಗಡು ಇಲ್ಲಿ ಕೆಲಸಕ್ಕೆ ಬಾರದು. ಹಾಗಾಗಿ ಒಂದು ಯಂತ್ರದೊಳಗೆ ಬೇರೆ ಬೇರೆ ಊರುಗಳ ತಗಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದರು. ವೆರೋನಾದ ಯಂತ್ರದ ಪ್ರಯಾಣ ಗೊತ್ತಾದದ್ದೂ ಇದರಿಂದಲೇ.

ಅದರ ಒಂದು ತಗಡಿನ ಒಂದು ಮಗ್ಗುಲಲ್ಲಿ ಅರಬಿಯಲ್ಲಿ ಕೊರ್ಡೋಬಾದ (ಇದೂ ಸ್ಪೇನಿನ ಊರು) ಅಕ್ಷಾಂಶ ಎಂದು ಕೆತ್ತಿ 38 ಡಿಗ್ರಿ 30 ಮಿನಿಟು ಎಂದು ಕೊಟ್ಟಿದ್ದಾರೆ. ಇನ್ನೊಂದು ಮಗ್ಗುಲಲ್ಲಿ ಟೊಲೆಡೊ, 40 ಡಿಗ್ರಿ. ಇವತ್ತಿನ ಅಳತೆಯಲ್ಲಿ ಕೊರ್ಡೋಬಾ 38ಕ್ಕಿಂತ ತುಸು ಕಡಿಮೆ, ಟೊಲೆಡೊ ಹೆಚ್ಚುಕಡಿಮೆ ಸರಿಯಾಗಿ 40. ದೂರದರ್ಶಕವೇ ಇಲ್ಲದ ಕಾಲಕ್ಕೆ ಇದು ಸಣ್ಣ ಮಾತಲ್ಲ. ಮುಸ್ಲಿಮರ ಪ್ರಾರ್ಥನೆಯ ವೇಳೆ ತಿಳಿಸುವ ಗೆರೆಗಳೂ ಅಲ್ಲಿವೆ. ಮುಂದೆ ಯಾರೋ ಇನ್ನೊಂದು ತಗಡು ಸೇರಿಸಿದ್ದಾರೆ, ಅದರ ಅಕ್ಷಾಂಶಗಳು ಉತ್ತರ ಆಫ್ರಿಕಾದವು. ಅಂದರೆ ಯಂತ್ರ ಸಮುದ್ರ ದಾಟಿರಬೇಕು, ಇಲ್ಲವೇ ದಾಟುವ ಯೋಚನೆ ಇದ್ದವರ ಕೈಗೆ ಹೋಗಿರಬೇಕು.

ಕಾಲ ಗೊತ್ತು ಮಾಡಲು ನಕ್ಷತ್ರಗಳು ನೆರವಾದವು. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ನಕ್ಷತ್ರಗಳ ಸ್ಥಾನ ಸುಮಾರು 72 ವರ್ಷಕ್ಕೆ ಒಂದು ಡಿಗ್ರಿ ಸರಿದಂತೆ ಕಾಣುತ್ತದೆ. ಜಾಲರಿಯ ತುದಿಗಳು ಯಾವ ಕಾಲದ ಆಕಾಶಕ್ಕೆ ಹೊಂದುತ್ತವೆ ಅಂತ ನೋಡಿದರೆ, 11ನೇ ಶತಮಾನದ ಕೊನೆಯ ಭಾಗ.

ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಗೀರುಗಳು. ಓರೆಯಾಗಿ ಬಿದ್ದ ಬೆಳಕಿನಲ್ಲಿ ಯಂತ್ರವನ್ನು ನೋಡುತ್ತಿದ್ದಾಗ, ಅರಬಿ ಅಕ್ಷರಗಳ ಪಕ್ಕದಲ್ಲಿ ಸಣ್ಣ ಗೀರುಗಳು ಜಿಗಾಂಟೆಯವರ ಕಣ್ಣಿಗೆ ಬಿದ್ದವು. ಅವು ಹೀಬ್ರೂ ಅಕ್ಷರಗಳು! ವೃಶ್ಚಿಕ, ಮಕರದಂಥ ರಾಶಿಗಳ ಹೆಸರನ್ನು ಯಾರೋ ಹೀಬ್ರೂವಿನಲ್ಲಿ ಬರೆದುಕೊಂಡಿದ್ದರು. ಒಂದು ಕೈ ಆಳವಾಗಿ, ಓರಣವಾಗಿ ಕೆತ್ತಿದೆ. ಇನ್ನೊಂದು ತೇಲಿಸಿ ಗೀಚಿದೆ. ಅರಬಿ ಬಾರದ ಯಹೂದಿ ಓದುಗರ ಕೈಗೆ, ಬಹುಶಃ ಇಟಲಿಯಲ್ಲಿ, ಯಂತ್ರ ಬಂದಿತ್ತು ಎಂಬುದಕ್ಕೆ ಇದು ಗುರುತು. ಆಸ್ಟ್ರೋಲೇಬ್ ಬಗ್ಗೆ ಹೀಬ್ರೂವಿನಲ್ಲಿ ಮೊದಲು ಬರೆದ ಅಬ್ರಹಾಂ ಇಬ್ನ್ ಎಜ್ರಾ 1146ರಲ್ಲಿ ಇದೇ ವೆರೋನಾದಲ್ಲಿದ್ದರು. ಈ ಯಂತ್ರ ಅವರ ಕೈ ಸೇರಿತ್ತು ಅಂತ ಹೇಳಲು ಆಧಾರವಿಲ್ಲ. ಆದರೆ ಇಂಥ ಯಂತ್ರವನ್ನು ಬಳಸಬಲ್ಲ ಜನ ಆ ಊರಿನಲ್ಲಿದ್ದರು ಎಂಬುದು ಖಂಡಿತ.

ಕೊನೆಗೆ ಇನ್ನೂ ಒಬ್ಬರು ಬಂದಿದ್ದಾರೆ. ಈಗ ನಾವು ಬಳಸುವ 1, 2, 3ರ ಬಗೆಯ ಅಂಕಿಗಳಲ್ಲಿ ಅಕ್ಷಾಂಶಗಳನ್ನು ತಿದ್ದಿದ್ದಾರೆ. ಕೆಲವನ್ನು ಒಂದಕ್ಕಿಂತ ಹೆಚ್ಚು ಸಲ ತಿದ್ದಲಾಗಿದೆ. ವಿಚಿತ್ರ ಅಂದರೆ, ಕೆಲವು ಕಡೆ ಮೂಲ ಅರಬಿ ಅಂಕಿಯೇ ಸರಿ, ತಿದ್ದಿದ್ದೇ ತಪ್ಪು. ಆ ತಪ್ಪು ಕೂಡ ನನಗೆ ಅಮೂಲ್ಯವಾಗಿ ಕಾಣುತ್ತದೆ. ಸುಮ್ನೆ ಅಲಂಕಾರಕ್ಕೆ ಇಟ್ಟ ವಸ್ತುವನ್ನು ಯಾರೂ ಕೂತು ತಿದ್ದುವುದಿಲ್ಲ, ಅಲ್ವಾ? ಬೇರೆ ಧರ್ಮದವರು, ಬೇರೆ ಭಾಷೆಯವರು ಮಾಡಿದ್ದೆಂದು ಇವರು ಅದನ್ನು ದೂರ ಇಡಲಿಲ್ಲ. ತಮಗೆ ಬೇಕಾದಂತೆ ಬರೆದುಕೊಂಡು ಬಳಸಿದರು. ಮುಂದೆ 17ನೇ ಶತಮಾನದ ಸಂಗ್ರಾಹಕ ಲುಡೊವಿಕೊ ಮೊಸ್ಕಾರ್ಡೊ ಅವರ ಸಂಗ್ರಹದ ಮೂಲಕ, ಮದುವೆಯ ನಂಟಿನಿಂದ ಮಿನಿಸ್ಕಾಲ್ಕಿ ಮನೆತನಕ್ಕೆ ಇದು ಬಂತು ಎಂಬುದು ಜಿಗಾಂಟೆಯವರ ಅಂದಾಜು.

ನಮ್ಮ ದೇಶದಲ್ಲೂ ಹೀಗೆಯೇ ನಡೆದಿದೆ. 1370ರಲ್ಲಿ, ದೆಹಲಿಯಲ್ಲಿ ಫಿರೋಜ್ ಷಾ ತುಘಲಕ್ ಆಳುತ್ತಿದ್ದಾಗ, ಜೈನ ಯತಿ ಮಹೇಂದ್ರ ಸೂರಿ ಆಸ್ಟ್ರೋಲೇಬ್ ಬಗ್ಗೆ 'ಯಂತ್ರರಾಜ' ಎಂಬ ಸಂಸ್ಕೃತ ಗ್ರಂಥ ಬರೆದರು. ಮೊಗಲರ ಕಾಲಕ್ಕೆ ಲಾಹೋರಿನ ಅಲ್ಲಾದಾದ್ ಮನೆತನ ನಾಲ್ಕು ತಲೆಮಾರು ಈ ಯಂತ್ರಗಳನ್ನು ಮಾಡಿತು. ಅಂಥ ಕೆಲವು ಯಂತ್ರಗಳ ಮೇಲೆ ಮೂಲ ಅಕ್ಷರಗಳ ಪಕ್ಕದಲ್ಲೇ ಯಾರೋ ನಾಗರಿಯಲ್ಲಿ ಸಂಸ್ಕೃತ ಹೆಸರುಗಳನ್ನು ಕೆತ್ತಿಕೊಂಡಿದ್ದಾರೆ. ಇವು ಈಗ ಎಷ್ಟೋ ದೇಶಗಳ ಮ್ಯೂಸಿಯಂಗಳಲ್ಲಿ ಚದುರಿಹೋಗಿವೆ. ಅಲಿಗಢದಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಶ್ರೀರಾಮುಲ ರಾಜೇಶ್ವರ ಶರ್ಮ ವರ್ಷಗಟ್ಟಲೆ ಅವುಗಳನ್ನು ಹುಡುಕಿ, ವಿವರವಾದ ಪಟ್ಟಿ ಮಾಡಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಆಮೇಲೆ ಸೇರಿಸಿದ ನಾಗರಿ ಅಕ್ಷರಗಳನ್ನೂ ಅವರು ಬಿಡದೆ ಓದಿ ದಾಖಲಿಸಿದ್ದಾರೆ.